ಒಂದೇ ಬಳ್ಳಿ, ಒಂದು ಸೌತೆ ಚೆನ್ನ, ಇನ್ನೊಂದು ಕಹಿ: ಯಾಕೆ ಹೀಗೆ?

ಪ್ರಶ್ನೆ: ನಮ್ಮದು ಹಿರಿಯೂರು ಕಡೆ ಮಳೆ ನಂಬಿದ ಹೊಲ. ಜೋಳದ ಅಕ್ಕಡಿಯಲ್ಲಿ ಪ್ರತಿ ವರ್ಷ ನಾಲ್ಕು ಸೌತೆ ಬೀಜ ಊರುತ್ತೇವೆ. ಬೀಜ ಮನೆಯದೇ. ಈ ಸಲ ಒಂದೇ ಬಳ್ಳಿಯಲ್ಲಿ ಕಿತ್ತ ಎರಡು ಕಾಯಲ್ಲಿ ಒಂದು ಚೆನ್ನಾಗಿತ್ತು, ಇನ್ನೊಂದು ಬಾಯಿಗಿಡಲಾಗದಷ್ಟು ಕಹಿ. ತೊಟ್ಟಿನ ಕಡೆ ಕೊಯ್ದು ಉಜ್ಜಿ ನೊರೆ ತೆಗೆದರೆ ಕಹಿ ಹೋಗುತ್ತದೆ ಅಂತ ಅಜ್ಜಿ ಹೇಳುತ್ತಾರೆ. ಬೇಲಿ ಮೇಲಿನ ಹಾಗಲಬಳ್ಳಿಯ ಸಹವಾಸದಿಂದಲೇ ಹೀಗಾಯ್ತು ಅಂತ ಅಪ್ಪ ಅದನ್ನು ಕಿತ್ತೇ ಹಾಕಿದರು. ಯಾರು ಸರಿ? ಅಷ್ಟಕ್ಕೂ ತಿನ್ನುವ ಕಾಯಿಗೆ ಕಹಿ ಯಾಕೆ ಬೇಕು? ಬೀಜಕ್ಕೆ ಅಂತ ಅದೇ ಬಳ್ಳಿಯಲ್ಲಿ ಒಂದು ಕಾಯಿ ಬಿಟ್ಟಿದ್ದೇವೆ, ಇಟ್ಟುಕೊಳ್ಳಬಹುದಾ?

ಉತ್ತರ: ಪಾಪ, ಹಾಗಲಬಳ್ಳಿ! ಮೊದಲು ಅದರ ಪರವಾಗಿ ಎರಡು ಮಾತು.

ಹಾಗಲವೂ ಸೌತೆಯೂ ಒಂದೇ ಕುಟುಂಬದವು, ನಿಜ. ಆದರೆ ದೂರದ ನೆಂಟರು. ಹಾಗಲದ ಪರಾಗವನ್ನು ಸೌತೆ ಹೂವಿನ ಮೇಲೆ ಸುರಿದರೂ ಅಲ್ಲಿ ಬೀಜ ಕಟ್ಟುವುದಿಲ್ಲ. ಇನ್ನೊಂದು ವಿಷಯ ಇದೆ, ಇದನ್ನು ತುಂಬ ಜನ ಗಮನಿಸುವುದಿಲ್ಲ. ನಾವು ಕಚ್ಚಿ ತಿನ್ನುವ ಸೌತೆಯ ಸಿಪ್ಪೆ, ತಿರುಳು ಎಲ್ಲ ತಾಯಿಬಳ್ಳಿಯ ಸ್ವಂತ ಮೈ. ಬೇರೆ ಬಳ್ಳಿಯ ಪರಾಗ ಬಂದರೆ ಅದರ ಗುಣ ಸೇರುವುದು ಒಳಗಿನ ಬೀಜಕ್ಕೆ ಮಾತ್ರ. ಆ ಬೀಜ ಮುಂದಿನ ವರ್ಷ ಬಳ್ಳಿಯಾಗಿ ಕಾಯಿ ಬಿಟ್ಟಾಗ ಗುಣವೋ ದೋಷವೋ ಗೊತ್ತಾಗುತ್ತದೆ. ಹಾಗಾಗಿ ಈ ವರ್ಷದ ಕಾಯಿ ಈ ವರ್ಷದ ಪಕ್ಕದ ಬಳ್ಳಿಯಿಂದ ಕಹಿಯಾಗಲು ಸಾಧ್ಯವೇ ಇಲ್ಲ. ನಿಮ್ಮ ಅಪ್ಪ ಹಾಗಲದ ಪಲ್ಯ ಕಳೆದುಕೊಂಡರು, ಅಷ್ಟೇ.

ಅಜ್ಜಿ ಅರ್ಧ ಸರಿ. ಸೌತೆಯಲ್ಲಿ ಕಹಿ ಜಾಸ್ತಿ ಇರುವುದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ. ಆ ಭಾಗ ಎರಡು ಬೆರಳಷ್ಟು ಕೊಯ್ದು ಬಿಸಾಕಿ, ಸಿಪ್ಪೆ ದಪ್ಪಗೆ ಹೆರೆದರೆ ಅಲ್ಪಸ್ವಲ್ಪ ಕಹಿ ಇರುವ ಕಾಯಿ ತಿನ್ನುವ ಹಾಗೆ ಆಗುತ್ತದೆ. ಕೆಲಸ ಮಾಡಿದ್ದು ಚಾಕು. ಉಜ್ಜಿದಾಗ ಬರುವ ನೊರೆ ಕೊಯ್ದ ಜಾಗದಲ್ಲಿ ಒಸರುವ ರಸ ಮಾತ್ರ. ಕಹಿ ಕಾಯಿಯ ಉದ್ದಕ್ಕೂ ತಿರುಳಿನಲ್ಲೇ ಸೇರಿಕೊಂಡಿರುತ್ತದೆ, ಅರ್ಧ ನಿಮಿಷ ಉಜ್ಜಿದರೆ ಅದೆಲ್ಲ ತುದಿಗೆ ಹರಿದು ಬರುವುದಿಲ್ಲ. ನಮ್ಮ ಮನೆಯಲ್ಲೂ ಉಜ್ಜುತ್ತಾರೆ ಅನ್ನಿ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ಮೇಲೂ ಅಡುಗೆಮನೆಯಲ್ಲಿ ಈ ವಾದ ಗೆಲ್ಲಲು ನನ್ನಿಂದ ಆಗಿಲ್ಲ.

ಈಗ ಕಹಿ ಯಾವುದು ಅಂತ ನೋಡೋಣ. ಅದರ ಹೆಸರು ಕುಕುರ್ಬಿಟಾಸಿನ್. ಸೌತೆ, ಸೋರೆ, ಕುಂಬಳ, ಹೀರೆ, ಕಲ್ಲಂಗಡಿ, ಎಲ್ಲ ಈ ಕುಟುಂಬದವೇ, ಎಲ್ಲವೂ ಮೈಯಲ್ಲೇ ಮಾಡಿಕೊಳ್ಳುವ ಕಹಿ ಇದೇ. ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ: ಸೌತೆಯದು ಮುಖ್ಯವಾಗಿ ಸಿ ಬಗೆ, ಕರಬೂಜದ್ದು ಬಿ, ಕಲ್ಲಂಗಡಿಯದು ಇ. ನಿಮ್ಮ ಕಡೆ ಬಯಲಲ್ಲಿ ಹಾವುಮೆಕ್ಕೆ ಹಬ್ಬಿರುತ್ತದಲ್ಲ, ಪುಟ್ಟ ಕಲ್ಲಂಗಡಿಯ ಹಾಗೇ ಪಟ್ಟೆ ಇರುವ ದುಂಡು ಕಾಯಿ, ಅದನ್ನು ಚಿಕ್ಕಂದಿನಲ್ಲಿ ಒಮ್ಮೆ ನೆಕ್ಕಿದವರು ಮತ್ತೆ ನೆಕ್ಕಿರುವುದಿಲ್ಲ. ಅದು ಕಲ್ಲಂಗಡಿಯ ಹತ್ತಿರದ ನೆಂಟ. ಮನುಷ್ಯ ಕೈ ಹಾಕದೆ ಬಿಟ್ಟಿದ್ದರೆ ಈ ಕುಟುಂಬದ ಎಷ್ಟೋ ಕಾಯಿಗಳು ಹಾಗೇ ಇರುತ್ತಿದ್ದವು.

ಗಿಡಕ್ಕೆ ಇದು ಯಾಕೆ ಬೇಕು? ಗಿಡ ಓಡಲಾರದು. ಕೊಂಬಿಲ್ಲ, ಕಾಲಿಲ್ಲ. ಎಲೆ ತಿನ್ನಲು ಹುಳ, ಚಿಗುರಿಗೆ ಮೇಕೆ, ಬೇರಿಗೆ ಜಂತು, ಕಾಯಿಗೆ ಶಿಲೀಂಧ್ರ, ಎಲ್ಲವನ್ನೂ ನಿಂತಲ್ಲೇ ಎದುರಿಸಬೇಕು. ಕೋಟ್ಯಂತರ ವರ್ಷಗಳಲ್ಲಿ ಅದಕ್ಕೆ ದಕ್ಕಿದ ದಾರಿ ರಸಾಯನ. ಯಾವ ಗಿಡವೂ ಕೂತು ಯೋಚಿಸಿ ವಿಷ ಮಾಡಲಿಲ್ಲ, ಅದು ನೆನಪಿರಲಿ. ಯಾವುದೋ ಒಂದು ಪೀಳಿಗೆಯಲ್ಲಿ ಜೀನ್ ಒಂದು ಆಕಸ್ಮಿಕವಾಗಿ ಎರಡು ಪ್ರತಿಯಾಗುತ್ತದೆ. ಒಂದು ಪ್ರತಿ ಹಳೆಯ ಕೆಲಸ ನೋಡಿಕೊಳ್ಳುತ್ತದೆ. ಇನ್ನೊಂದಕ್ಕೆ ಹೊಣೆ ಇಲ್ಲ, ಅದು ಕೆಟ್ಟರೂ ಗಿಡ ಸಾಯುವುದಿಲ್ಲ, ಹಾಗಾಗಿ ಅದು ಬದಲಾಗುತ್ತಾ ಹೋಗುತ್ತದೆ. ಹಾಗೆ ಬದಲಾಗಿ ಹುಟ್ಟಿದ ಹೊಸ ವಸ್ತು ಹುಳಕ್ಕೆ ಕಹಿಯಾಯಿತು ಅನ್ನಿ, ಆ ಗಿಡದ ಬೀಜ ಜಾಸ್ತಿ ಉಳಿಯಿತು. ಕುಕುರ್ಬಿಟಾಸಿನ್ ಆಗಿದ್ದು ಹೀಗೆಯೇ. ಜೀವಕೋಶದ ಗೋಡೆಯ ಒಳಪೊರೆಗೆ ಗಿಡ ಒಂದು ಬಗೆಯ ಕೊಬ್ಬಿನ ವಸ್ತು ಮಾಡುತ್ತದೆ, ಎಲ್ಲ ಗಿಡಗಳೂ ಮಾಡುತ್ತವೆ. ಅದೇ ಕಚ್ಚಾಮಾಲನ್ನು ಬೇರೆ ಅಚ್ಚಿಗೆ ಹಾಕಿದರೆ ಕಹಿ. ದಾವಣಗೆರೆಯವರಿಗೆ ಹೇಳುವುದಾದರೆ, ಅದೇ ಹಿಟ್ಟನ್ನು ಕಾವಲಿ ಮೇಲೆ ಹೊಯ್ದರೆ ದೋಸೆ, ಗುಳಿ ಇರುವ ಹಂಚಿಗೆ ಹೊಯ್ದರೆ ಪಡ್ಡು. ಹಿಟ್ಟು ಬದಲಾಗಿಲ್ಲ, ಹಂಚು ಬದಲಾಯಿತು.

ನಿಮ್ಮ ಹೊಲದಲ್ಲೇ ಇನ್ನೂ ಒಳ್ಳೆಯ ಉದಾಹರಣೆ ನಿಂತಿದೆ. ಜೋಳ. ಎಳೆ ಜೋಳದ ಪೈರಿಗೆ ದನ ಬಿಡಬಾರದು ಅಂತ ನಿಮ್ಮ ಅಜ್ಜಿಗೆ ಗೊತ್ತೇ ಇರುತ್ತದೆ. ಜೋಳದ ಎಲೆಯಲ್ಲಿ ಧುರಿನ್ ಅಂತ ಒಂದು ವಸ್ತು ಇದೆ, ಅದನ್ನು ಒಡೆಯುವ ಕಿಣ್ವ ಬೇರೆ ಅರೆಯಲ್ಲಿ ಇದೆ. ಎಲೆ ಇಡಿಯಾಗಿರುವ ತನಕ ಎರಡೂ ಸುಮ್ನೆ ಇರುತ್ತವೆ. ಅರಿಶಿನ ಒಂದು ಬಟ್ಟಲಲ್ಲಿ, ಸುಣ್ಣ ಒಂದು ಬಟ್ಟಲಲ್ಲಿ ಇದ್ದ ಹಾಗೆ. ಕಲಸಿದರೆ ತಾನೇ ಓಕುಳಿ ಕೆಂಪಾಗುವುದು? ಎಮ್ಮೆ ಜಗಿದ ಕೂಡಲೇ ಎರಡೂ ಕಲೆಯುತ್ತವೆ, ಸಯನೈಡ್ ಬಿಡುಗಡೆ ಆಗುತ್ತದೆ. ಉಸಿರಾಟ ಜೋರಾಗಿ, ನಡುಗಿ, ಬಿದ್ದು, ಕೆಲವೇ ನಿಮಿಷಗಳಲ್ಲಿ ದನ ಸತ್ತಿದ್ದೂ ಉಂಟು. ಬೇಗ ಪಶುವೈದ್ಯರು ಸಿಕ್ಕಿ ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ ಉಳಿಯಬಹುದು. ಯಾವಾಗ ಹೆಚ್ಚು ಅಪಾಯ ಅಂದರೆ ಪೈರು ಎಳೆಯದಾಗಿದ್ದಾಗ, ಮಳೆ ಕೈಕೊಟ್ಟು ಬಾಡಿದಾಗ, ಬಾಡಿದ ಮೇಲೆ ಒಂದು ಹದ ಮಳೆ ಬಿದ್ದು ಹೊಸ ಚಿಗುರು ಬಂದಾಗ, ಕೂಳೆ ಒಡೆದಾಗ, ಯೂರಿಯಾ ಜಾಸ್ತಿ ಬಿದ್ದಾಗ. ಚಿತ್ರದುರ್ಗದ ಹವೆಗೆ ಈ ಪಟ್ಟಿ ಸರಿಯಾಗಿ ಹೊಂದುತ್ತದೆ, ದುರದೃಷ್ಟ. ಹೂವಾಡುವ ಹೊತ್ತಿಗೆ ವಿಷ ಬಹಳ ಇಳಿದಿರುತ್ತದೆ, ಒಣಗಿಸಿದ ಸೊಪ್ಪೆಯಲ್ಲಿ ಇನ್ನೂ ಕಡಿಮೆ. ರೊಟ್ಟಿ ಮಾಡುವ ಕಾಳಿನಲ್ಲಿ ಧುರಿನ್ ಹೆದರುವಷ್ಟು ಇರುವುದಿಲ್ಲ. ಎಲೆಯಲ್ಲಿ ಕೊಲ್ಲುವಷ್ಟು, ಕಾಳಿನಲ್ಲಿ ಇಲ್ಲದಷ್ಟು: ಇದನ್ನು ಹಿಡಿದುಕೊಳ್ಳಿ, ಸೌತೆಗೆ ಬಂದಾಗ ಬೇಕಾಗುತ್ತದೆ.

ಹುಳುಗಳೂ ಸುಮ್ಮನೆ ಕೂತಿಲ್ಲ. ಮೆಕ್ಕೆಜೋಳದ ಎಳೆ ಸಸಿ ಡಿಂಬೋವಾ ಅನ್ನುವ ವಸ್ತು ಮಾಡಿಕೊಂಡು ಎಷ್ಟೋ ಹುಳುಗಳನ್ನು ದೂರ ಇಡುತ್ತದೆ. 2018ರಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಂಡ ಫಾಲ್ ಸೈನಿಕ ಹುಳು ಇದೆಯಲ್ಲ, ದಾವಣಗೆರೆ ಮೆಕ್ಕೆಜೋಳದವರ ನಿದ್ದೆ ಕೆಡಿಸಿದ್ದು, ಅದು ಆ ವಸ್ತುವಿಗೆ ಹೊಟ್ಟೆಯೊಳಗೇ ಒಂದು ಸಕ್ಕರೆಯ ಕಣ ಅಂಟಿಸಿ ನಿರ್ವಿಷ ಮಾಡಿ ಹಿಕ್ಕೆಯಲ್ಲಿ ಹಾಕುತ್ತದೆ. ಅಮೆರಿಕ ಖಂಡದಲ್ಲಿ ಮೆಕ್ಕೆಜೋಳದ ಜೊತೆಗೇ ಬಾಳಿದ ಹುಳು ಅದು, ಬೀಗ ಗೊತ್ತು, ಕೀಲಿಯೂ ಗೊತ್ತು. ಮೆಣಸಿನಕಾಯಿಯ ಜಾಣತನ ಇನ್ನೊಂದು ತರಹ. ಅದರ ಖಾರ ಹಕ್ಕಿಗೆ ತಾಗುವುದಿಲ್ಲ, ಇಲಿಗೆ ತಾಗುತ್ತದೆ. ಇಲಿ ಬೀಜ ಅಗಿದು ಪುಡಿ ಮಾಡುತ್ತದೆ, ಹಕ್ಕಿ ಇಡಿಯಾಗಿ ನುಂಗಿ ದೂರ ಹಾಕುತ್ತದೆ. ಬೇಡದವರಿಗೆ ಉರಿ, ಬೇಕಾದವರಿಗೆ ಊಟ. ಆ ಉರಿಯನ್ನೇ ಹುಡುಕಿಕೊಂಡು ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಲ್ಲುವ ಪ್ರಾಣಿ ಒಂದು ಬರುತ್ತದೆ ಅಂತ ಯಾವ ಮೆಣಸಿನ ಗಿಡಕ್ಕೂ ಗೊತ್ತಿರಲಿಲ್ಲ.

ಸರಿ, ಸೌತೆಗೆ ಬರೋಣ. ಸೌತೆ ನಮ್ಮದೇ ದೇಶದ ಬೆಳೆ. ಅದರ ಕಾಡು ರೂಪ ಹಿಮಾಲಯದ ತಪ್ಪಲಲ್ಲಿ ಇವತ್ತಿಗೂ ಸಿಗುತ್ತದೆ, ಸಣ್ಣ ಕಾಯಿ, ಭಯಂಕರ ಕಹಿ. ಅದನ್ನು ತಿನ್ನುವ ಹಾಗೆ ಮಾಡಿದ್ದು ನಮ್ಮ ನಿಮ್ಮ ಹಾಗೆ ಬೀಜ ಎತ್ತಿಟ್ಟುಕೊಂಡ ಜನ. ಇಲ್ಲಿ ಒಂದು ತಮಾಷೆ ನೋಡಿ. ಎಷ್ಟೋ ಹಣ್ಣುಗಳನ್ನು ನಾವು ಮಾಗಿದ ಮೇಲೆ ತಿನ್ನುತ್ತೇವೆ, ಆ ಹೊತ್ತಿಗೆ ಬೀಜ ಬಲಿತಿರುತ್ತದೆ, ಗಿಡವೇ ವಿಷ ಇಳಿಸಿ ಕರೆಯುತ್ತದೆ. ಹಸಿರು ಟೊಮೆಟೊದಲ್ಲಿ ಇರುವ ಟೊಮೆಟಿನ್ ಹಣ್ಣಾಗುವಾಗ ಬೇರೆ ವಸ್ತುವಾಗಿ ಬದಲಾಗುವುದು ಹೀಗೆಯೇ. ಸೌತೆಯನ್ನೋ ನಾವು ಎಳೆಯದನ್ನೇ ಕಿತ್ತು ತಿನ್ನುತ್ತೇವೆ. ಬೀಜ ಇನ್ನೂ ಹಾಲು, ಗಿಡ ಅದನ್ನು ಜೋಪಾನ ಮಾಡಬೇಕಾದ ಹೊತ್ತು. ಗಿಡಕ್ಕೆ ಕಹಿ ಅತಿ ಹೆಚ್ಚು ಬೇಕಾದಾಗಲೇ ನಮಗೆ ಅದು ಬೇಡ!

ಹಳ್ಳಿಯ ಜನ ಇದನ್ನು ಹೇಗೆ ಬಗೆಹರಿಸಿದರು ಅನ್ನುವುದು 2014ರಲ್ಲಿ ಚೀನಾದ ವಿಜ್ಞಾನಿಗಳಿಂದ ಗೊತ್ತಾಯಿತು. ಸಾವಿರಾರು ಸಸಿಗಳ ಎಲೆಯನ್ನು ನಾಲಿಗೆಯಿಂದಲೇ ರುಚಿ ನೋಡಿ ಕಹಿ ಇಲ್ಲದವನ್ನು ಹುಡುಕಿದರಂತೆ, ಎಂಥಾ ಕೆಲಸ ಅಲ್ವಾ! ಅವರು ಕಂಡಿದ್ದು ಇದು: ಸೌತೆಯಲ್ಲಿ ಕಹಿ ತಯಾರಿಸಲು ಒಂಬತ್ತು ಜೀನ್‌ಗಳ ಒಂದು ಸಾಲು ಇದೆ. ಅದನ್ನು ಶುರು ಮಾಡಲು ಎರಡು ಸ್ವಿಚ್. ಒಂದು ಎಲೆಯಲ್ಲಿ ಒತ್ತುವುದು, ಇನ್ನೊಂದು ಕಾಯಿಯಲ್ಲಿ ಒತ್ತುವುದು. ನಾವು ತಿನ್ನುವ ಸೌತೆಯಲ್ಲಿ ಒಂಬತ್ತೂ ಜೀನ್ ಗಟ್ಟಿಯಾಗಿಯೇ ಇವೆ. ಎಲೆಯ ಸ್ವಿಚ್ಚೂ ಸರಿ ಇದೆ. ಕೆಟ್ಟಿರುವುದು ಕಾಯಿಯ ಸ್ವಿಚ್, ಅದೂ ಅದನ್ನು ಎಷ್ಟು ಜೋರಾಗಿ ಒತ್ತಬೇಕು ಅಂತ ತೀರ್ಮಾನಿಸುವ ಪಕ್ಕದ ತುಣುಕಿನಲ್ಲಿ. ಅಂದರೆ ನಮ್ಮ ಹಿರಿಯರು ಕಾರ್ಖಾನೆ ಮುಚ್ಚಿಸಲಿಲ್ಲ, ಒಂದು ರಸ್ತೆಗೆ ಮಾತ್ರ ಮಾಲು ಹೋಗದ ಹಾಗೆ ನೋಡಿಕೊಂಡರು. ನಂಬಿಕೆ ಬರದಿದ್ದರೆ ನಿಮ್ಮ ಬಳ್ಳಿಯ ಒಂದು ಎಳೆ ಎಲೆಯ ಚೂರು ನಾಲಿಗೆಗೆ ತಾಗಿಸಿ ಉಗುಳಿ ನೋಡಿ. ಕಾಯಿ ಎಷ್ಟೇ ಚೆನ್ನಾಗಿದ್ದರೂ ಎಲೆ ಕಹಿ ಇರುತ್ತದೆ. ಎರಡು ವರ್ಷ ಬಿಟ್ಟು ಕರಬೂಜ, ಕಲ್ಲಂಗಡಿಗಳನ್ನು ಪರೀಕ್ಷಿಸಿದಾಗ ಅಲ್ಲೂ ಇದೇ ಬಗೆಯ ಕಾಯಿಯ ಸ್ವಿಚ್ಚಿನ ಮೇಲೇ ರೈತರ ಕೈ ಬಿದ್ದಿದ್ದು ಕಂಡಿತು. ಬೇರೆ ಬೇರೆ ಕಾಲ, ಬೇರೆ ಬೇರೆ ಜನ, ಯಾರಿಗೂ ಜೀನ್ ಅಂದರೆ ಏನು ಅಂತ ಗೊತ್ತಿಲ್ಲ, ಎಲ್ಲರೂ ಮಾಡಿದ್ದು ರುಚಿಯಾದ ಕಾಯಿಯ ಬೀಜ ಇಟ್ಟುಕೊಂಡಿದ್ದು ಮಾತ್ರ.

ಪೂರ್ತಿ ಕಹಿ ತೆಗೆದರೆ ಏನಾಗುತ್ತದೆ ಅಂತಲೂ ಗೊತ್ತಿದೆ. ಎಲೆಯಲ್ಲೂ ಕಹಿ ಇಲ್ಲದ ಸೌತೆ ತಳಿಗಳಿವೆ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಥ ಬಳ್ಳಿಗಳನ್ನು ಕಹಿ ಬಳ್ಳಿಗಳ ಜೊತೆ ಇಟ್ಟು ನೋಡಿತು. ಕಹಿ ಇಲ್ಲದ ಬಳ್ಳಿಗೆ ನುಸಿ ಮುತ್ತಿಕೊಂಡವು. ಆದರೆ ಅಮೆರಿಕದ ಸೌತೆ ದುಂಬಿಗಳು ಮಾತ್ರ ಕಹಿ ಬಳ್ಳಿಯನ್ನೇ ಹುಡುಕಿ ಹೋದವು! ಆ ದುಂಬಿಗಳಿಗೆ ಕಹಿ ಅಂದರೆ ಊಟದ ಗಂಟೆ. ಎಲ್ಲರನ್ನೂ ಓಡಿಸುವ ವಿಷ ಅಂತ ಒಂದು ಇಲ್ಲವೇ ಇಲ್ಲ, ಯಾರೋ ಒಬ್ಬ ಅದಕ್ಕೆ ಒಗ್ಗಿಕೊಂಡಿರುತ್ತಾನೆ.

ಹತ್ತಿಯ ಕಥೆಯೂ ಹೀಗೇ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಕಾಲ ಕಂಡವರಿಗೆ ಹತ್ತಿಕಾಳಿನ ಹಿಂಡಿ ಗೊತ್ತು, ದನಕ್ಕೆ ಹಾಕುತ್ತಾರೆ, ಕೋಳಿಗೆ ಅಷ್ಟು ಧೈರ್ಯವಾಗಿ ಹಾಕುವುದಿಲ್ಲ. ಕಾರಣ ಗಾಸಿಪಾಲ್ ಅನ್ನುವ ವಿಷ, ಗಿಡದ ಮೈಯಲ್ಲಿ ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಮೆಲುಕು ಹಾಕುವ ದನ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಚುಕ್ಕಿಯೇ ಇಲ್ಲದ ಹತ್ತಿ ತಳಿಗಳನ್ನು ಹಿಂದೆ ಅಮೆರಿಕದಲ್ಲಿ ಬೆಳೆಸಿ ನೋಡಿದರು. ಹತ್ತಿಯ ಕಡೆ ತಿರುಗಿಯೂ ನೋಡದ ಹುಳುಗಳೆಲ್ಲ ಬಂದು ಮೇಯ್ದವು. ಆಮೇಲೆ 2006ರಲ್ಲಿ ಟೆಕ್ಸಾಸ್‌ನಲ್ಲಿ ಭಾರತ ಮೂಲದ ವಿಜ್ಞಾನಿ ಕೀರ್ತಿ ರಾಥೋರ್ ತಂಡ ಕಾಳಿನಲ್ಲಿ ಮಾತ್ರ ವಿಷ ತಗ್ಗಿಸಿ ಎಲೆಯಲ್ಲಿ ಹಾಗೇ ಉಳಿಸಿದ ಹತ್ತಿಯನ್ನು ತೋರಿಸಿತು. ಲ್ಯಾಬಿನಲ್ಲಿ ಕಷ್ಟಪಟ್ಟು ಮಾಡಿದ ಆ ಉಪಾಯ ಸೌತೆಯಲ್ಲಿ ರೈತರು ಎಂದೋ ಮಾಡಿಟ್ಟಿದ್ದರು.

ಹಾಗಾದರೆ ನಿಮ್ಮ ಆ ಒಂದು ಕಾಯಿ ಯಾಕೆ ಕಹಿಯಾಯಿತು? ಸ್ವಿಚ್ ಕೆಟ್ಟಿದೆ ಅಂದೆ, ಕಿತ್ತು ಹಾಕಿದೆ ಅನ್ನಲಿಲ್ಲ. ನಲ್ಲಿ ಬಿಗಿ ಮಾಡಿದ ಹಾಗೆ, ಒತ್ತಡ ಬಿದ್ದರೆ ತೊಟ್ಟಿಕ್ಕುತ್ತದೆ. ಬಳ್ಳಿಗೆ ನೀರು ತಪ್ಪಿದರೆ, ಬಿಸಿಲು ವಿಪರೀತವಾದರೆ, ಇದ್ದಕ್ಕಿದ್ದಂತೆ ಚಳಿ ಬಿದ್ದರೆ ಕಾಯಿಯಲ್ಲೂ ಕಹಿ ತಯಾರಿ ಶುರುವಾಗುತ್ತದೆ. ನಿಮ್ಮದು ಮಳೆ ನಂಬಿದ ಹೊಲ. ಒಂದು ಕಾಯಿ ಮಣ್ಣಲ್ಲಿ ತೇವ ಇದ್ದ ವಾರದಲ್ಲಿ ಬೆಳೆದಿರುತ್ತದೆ, ಇನ್ನೊಂದು ಮೋಡ ಆಸೆ ತೋರಿಸಿ ಹೋದ ವಾರದಲ್ಲಿ. ಅದಕ್ಕೇ ಒಂದೇ ಬಳ್ಳಿಯಲ್ಲಿ ಎರಡು ರುಚಿ. ಬುಡಕ್ಕೆ ಒಣ ಸೊಪ್ಪೆಯೋ ಕಡ್ಡಿಕಸವೋ ಮುಚ್ಚಿ ತೇವ ಉಳಿಸಿ, ಸಾಧ್ಯವಾದರೆ ಒಂದೊಂದು ಕೊಡ ನೀರು ಕೊಡಿ, ಕಾಯಿ ಎಳೆಯದಾಗಿರುವಾಗಲೇ ಕೀಳಿ. ಕೆಂಪು ಮಸಾರಿಯಲ್ಲಿ ತೇವ ಬೇಗ ಆರುತ್ತದೆ, ಎರೆಯಲ್ಲಿ ಒಂದಷ್ಟು ದಿನ ಹೆಚ್ಚು ನಿಲ್ಲುತ್ತದೆ. ಒಂದೇ ಬೀಜ ಇಬ್ಬರ ಹೊಲದಲ್ಲಿ ಬೇರೆ ಬೇರೆ ರುಚಿ ಕೊಟ್ಟರೆ ಬೀಜ ಕೊಟ್ಟವರನ್ನು ಬೈಯುವ ಮುಂಚೆ ಮಣ್ಣು ನೋಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ಸೌತೆಯ ಸಣ್ಣ ಕಹಿಗೆ ಯಾರೂ ಹೆದರಬೇಕಾಗಿಲ್ಲ, ಆದರೆ ಬಾಯಿಗಿಡಲಾಗದಷ್ಟು ಕಹಿ ಅಂತ ಬರೆದಿದ್ದೀರಿ, ಅಂಥದ್ದನ್ನು ಮೊಸರು, ಉಪ್ಪು, ಖಾರ ಹಾಕಿ ಪಚಡಿ ಮಾಡಿ ಮರೆಸಿ ತಿನ್ನಬೇಡಿ. ದನಕ್ಕೂ ಹಾಕಬೇಡಿ. ಸೋರೆಯಲ್ಲಿ ಈ ಅಪಾಯ ಬಹಳ ಹೆಚ್ಚು. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಯ ಜ್ಯೂಸ್ ಕುಡಿದು ಒಬ್ಬರು ಸತ್ತ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಮಿತಿ ಮಾಡಿ ಪರಿಶೀಲಿಸಿತು. ಅವರು ಹೇಳಿದ್ದು ಸರಳ: ಮೊದಲು ಒಂದು ಚೂರು ರುಚಿ ನೋಡಿ, ಕಹಿ ಇದ್ದರೆ ಬಿಸಾಕಿ, ಬೇರೆ ಜ್ಯೂಸಿನ ಜೊತೆ ಬೆರೆಸಬೇಡಿ. ಬೆಳಗ್ಗೆ ವಾಕಿಂಗ್ ಮುಗಿಸಿ ಆರೋಗ್ಯಕ್ಕೆ ಅಂತ ಮೂಗು ಮುಚ್ಚಿಕೊಂಡು ಕುಡಿಯುವವರಿಗೆ ಇದನ್ನು ಖಂಡಿತ ಹೇಳಿ. ಬೇಯಿಸಿದರೂ ಈ ಕಹಿ ಹೋಗುವುದಿಲ್ಲ. 2015ರಲ್ಲಿ ಜರ್ಮನಿಯಲ್ಲಿ ಮನೆ ತೋಟದ ಕುಂಬಳ ಜಾತಿಯ ಕಾಯಿಯನ್ನು ಬೇಯಿಸಿ ತಿಂದ ಹಿರಿಯರೊಬ್ಬರು ತೀರಿಕೊಂಡರು. ಇಂಥದ್ದನ್ನು ಕುಡಿದ ಅಥವಾ ತಿಂದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮಜ್ಜಿಗೆ ಕುಡಿದು ಮಲಗಬಾರದು, ನೇರ ಆಸ್ಪತ್ರೆಗೆ. ಇದಕ್ಕೆ ಪ್ರತ್ಯೇಕ ಮದ್ದು ಅಂತ ಇಲ್ಲ, ರಕ್ತದೊತ್ತಡ ಬೀಳದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. ನಮ್ಮ ನಾಲಿಗೆಯಲ್ಲಿ ಸಿಹಿ ಗುರುತಿಸಲು ಒಂದು ಜೋಡಿ ಗ್ರಾಹಕ ಇದ್ದರೆ ಕಹಿಗೆ ಸುಮಾರು 25 ಬಗೆ ಇವೆ. ಅಷ್ಟೊಂದು ಕಾವಲುಗಾರರು ಕೂಗುತ್ತಿರುವಾಗ ಬೆಲ್ಲ ಹಾಕಿ ಬಾಯಿ ಮುಚ್ಚಿಸುವುದು ಯಾಕೆ? ಹಾಗಲದ ಕಹಿ ಬೇರೆ ಮಾತು, ಅದೂ ಇದೇ ಮನೆತನದ ವಸ್ತುವೇ ಆದರೂ ಅದನ್ನು ನಾವು ತಲೆತಲಾಂತರದಿಂದ ಪಳಗಿಸಿ ತಿನ್ನುತ್ತಾ ಬಂದಿದ್ದೇವೆ.

ಇನ್ನು ಬೀಜದ ಪ್ರಶ್ನೆ. ಅದಕ್ಕೆ ಮೊದಲು ನಿಮ್ಮದು ಯಾವ ಸೌತೆ ಅಂತ ನೋಡಿಕೊಳ್ಳಬೇಕು. ನಾವು ಎರಡು ಬೇರೆ ಬೇರೆ ಗಿಡಗಳಿಗೆ ಸೌತೆ ಅನ್ನುತ್ತೇವೆ. ಹಸಿಯಾಗಿ ಕಚ್ಚಿ ತಿನ್ನುವ ಎಳೆಸೌತೆ ಒಂದು, ಸಾಂಬಾರಿಗೆ ಹಾಕುವ ಬಣ್ಣದ ಸೌತೆ, ಮಂಗಳೂರು ಸೌತೆ ಇನ್ನೊಂದು. ಎರಡನೆಯದು ನಿಜವಾಗಿ ಕರಬೂಜದ ಜಾತಿ. ಎಳೆಸೌತೆಗೆ 14 ವರ್ಣತಂತು, ಕರಬೂಜದ ಜಾತಿಗೆ 24, ಒಂದಕ್ಕೊಂದು ಕೂಡುವುದಿಲ್ಲ. ಬದುವಿನ ಮೇಲೆ ತಾನಾಗಿ ಹಬ್ಬುವ ಸಣ್ಣ ಕಾಯಿಯ ಕಾಡು ಬಳ್ಳಿಗಳು ಹಲವು ಸಲ ಕರಬೂಜದ ಕಾಡು ರೂಪವೇ ಆಗಿರುತ್ತವೆ. ನಿಮ್ಮದು ಬಣ್ಣದ ಸೌತೆಯಾದರೆ ಜೇನ್ನೊಣ ಅಲ್ಲಿಂದ ಇಲ್ಲಿಗೆ ಪರಾಗ ತಂದು ಹಾಕುತ್ತದೆ, ಈ ವರ್ಷ ಏನೂ ಕಾಣುವುದಿಲ್ಲ, ಮುಂದಿನ ವರ್ಷ ಕಹಿ. ಅಪ್ಪನಿಗೆ ಏನಾದರೂ ಕೀಳಲೇಬೇಕು ಅನ್ನಿಸಿದರೆ ಹಾಗಲ ಬಿಟ್ಟು ಇವನ್ನು ಕೀಳಲಿ, ಹೂ ಬಿಡುವ ಮುಂಚೆ. ಎಳೆಸೌತೆಯಾದರೆ ಈ ಭಯ ಇಲ್ಲ. ಆದರೆ ಹಿಂದೆ ಎಂದಾದರೂ ಸಂತೆಯ ಹೈಬ್ರಿಡ್ ಕಾಯಿಯ ಬೀಜ ಬೆರೆತಿದ್ದರೆ ಗುಣ ಒಂದೇ ತರಹ ಬರುವುದಿಲ್ಲ.

ನಾನಾಗಿದ್ದರೆ ಆ ಬಳ್ಳಿಯ ಬೀಜ ಇಡುತ್ತಿರಲಿಲ್ಲ. ಅದೇ ಬರದಲ್ಲಿ ಪಕ್ಕದ ಬಳ್ಳಿಗಳು ಕಹಿಯಾಗದೆ ನಿಂತಿದ್ದರೆ, ಅವುಗಳಲ್ಲಿ ಆರಿಸಿ. ಎರಡು ಮೂರು ಕಾಯಿಯ ತೊಟ್ಟಿನ ಕಡೆಯ ಚೂರು ರುಚಿ ನೋಡಿ, ಕಹಿ ಇಲ್ಲ ಅಂತ ಖಾತ್ರಿಯಾದ ಬಳ್ಳಿಯಲ್ಲಿ ಮಾತ್ರ ಒಂದು ಕಾಯಿ ಹಣ್ಣಾಗಲು ಬಿಡಿ. ಒಂದೇ ಒಂದು ಬಳ್ಳಿ ಸಾಲದು, ನಾಲ್ಕೈದರಿಂದ ಇಡಿ. ಈಗಾಗಲೇ ಬಿಟ್ಟಿರುವ ಆ ಕಾಯಿಯನ್ನು ಮಾತ್ರ ತಿಪ್ಪೆಗೆ ಎಸೆಯಬೇಡಿ. ಬೇಸಿಗೆಯಲ್ಲಿ ಗೊಬ್ಬರದ ಜೊತೆ ಗಾಡಿ ಹತ್ತಿ ಹೊಲಕ್ಕೇ ಬರುತ್ತದೆ, ಮಳೆ ಬಿದ್ದ ಮೇಲೆ ಎಲ್ಲರಿಗಿಂತ ಮೊದಲು ಅದೇ ಮೊಳೆಯುತ್ತದೆ. ಬೀಜ ಬಲಿಯುವ ಮುಂಚೆಯೇ ಕಿತ್ತು ಕೊಚ್ಚಿ ಹಾಕಿ.